ರೊಟ್ಟಿ ವ್ಯಾಪಾರಕ್ಕೆ ಮೂರೂವರೆ ಲಕ್ಷದ ಆ್ಯಪ್ ಬೇಕೇ?

ಓದುಗರ ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯವರು. ಮನೆ ಮಟ್ಟಿಗೆ ಶುರು ಮಾಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ವ್ಯಾಪಾರದಲ್ಲಿ ಈಗ ಹನ್ನೆರಡು ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ತಿಂಗಳಿಗೆ ಸುಮಾರು 300 ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಹೆಚ್ಚಿನವು ಬೆಂಗಳೂರು, ಪುಣೆಯಿಂದ. ಎಲ್ಲ ಖರ್ಚು ಕಳೆದು ಒಂದು ಆರ್ಡರ್‌ಗೆ 120 ರೂಪಾಯಿಯಷ್ಟು ಉಳಿಯುತ್ತದೆ. ಇದಲ್ಲದೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ 35 ಅಂಗಡಿಗಳು ವಾರಕ್ಕೊಮ್ಮೆ ಫೋನ್ ಮಾಡಿ ಮಾಲು ತರಿಸಿಕೊಳ್ಳುತ್ತವೆ. ಈಚೆಗೆ ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದು, ‘ಇನ್ನೆರಡು ವರ್ಷದಲ್ಲಿ ಆ್ಯಪ್ ಇಲ್ಲದ ವ್ಯಾಪಾರ ಉಳಿಯಲ್ಲ’ ಅಂದರು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸೇರಿ 3.5 ಲಕ್ಷ, ಎರಡನೇ ವರ್ಷದಿಂದ ನಿರ್ವಹಣೆಗೆ 60,000 ಕೇಳಿದ್ದಾರೆ. ಸಂಘದಿಂದ ಸಾಲ ತೆಗೆಯಬೇಕು ಅಂತಿದ್ದೇನೆ. ಮಗ, ‘ಪ್ಲೇ ಸ್ಟೋರ್‌ನವರು ನೂರಕ್ಕೆ 30 ರೂಪಾಯಿ ಕಿತ್ತುಕೊಳ್ಳುತ್ತಾರೆ, ಬೇಡ’ ಅನ್ನುತ್ತಾನೆ. ತಮ್ಮನ ಮಗ, ‘ಎಐ ಹಾಕಿ ಎರಡೇ ದಿನದಲ್ಲಿ ಪುಕ್ಕಟೆ ಮಾಡಿಕೊಡ್ತೀನಿ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಒಂದು, ಕಾಲ ಮುಂದೆ ಹೋಗಿ ನಾವು ಹಿಂದೆ ಉಳಿದುಬಿಡುತ್ತೇವೇನೋ ಅನ್ನೋದು. ಇನ್ನೊಂದು, ಹನ್ನೆರಡು ಮನೆಗಳ ದುಡಿಮೆಯ ಮೇಲೆ ಸಾಲ ಮಾಡಿ ಹಾಕಿದ ದುಡ್ಡು ಮುಳುಗುತ್ತೇನೋ ಅನ್ನೋದು. ಎರಡೂ ಸರಿಯಾದ ಭಯವೇ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಈ ಕೊಟೇಶನ್‌ಗೆ ಈಗ ಸಹಿ ಹಾಕಬೇಡಿ. ಆದರೆ ಸುಮ್ನೆ ಕೂರುವುದೂ ಬೇಡ. ನಿಮ್ಮ ವ್ಯಾಪಾರದಲ್ಲಿ ಆ್ಯಪ್‌ನಂಥದ್ದು ಬೇಕಾದ ಒಂದು ಜಾಗ ನಿಜವಾಗಿಯೂ ಇದೆ. ಆ ಕಂಪನಿಯವರು ತೋರಿಸಿದ ಜಾಗ ಮಾತ್ರ ಅದಲ್ಲ.

ನಾನು ವ್ಯಾಪಾರಸ್ಥರಿಗೆ ಆ್ಯಪ್ ಕಟ್ಟಿಕೊಡುವ ಕೆಲಸದಲ್ಲೇ ಇರುವವನು. ಹಾಗಾಗಿ ಆ್ಯಪ್ ಬೇಡ ಅಂದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಆದರೂ ಸಾಲ ಮಾಡುವ ಮೊದಲು ಈ ಲೆಕ್ಕ ನಿಮಗೆ ಗೊತ್ತಿರಲೇಬೇಕು.

ಬೆಳವಣಿಗೆ ನಿಜ. ಆದರೆ ಯಾರದು?

ಆ್ಯಪ್ ಬಳಕೆ ಬೆಳೆಯುತ್ತಿದೆ ಅನ್ನುವುದು ಸುಳ್ಳಲ್ಲ. 2008ರ ಜುಲೈನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿ ಇದ್ದದ್ದು 500 ಆ್ಯಪ್. ನಮ್ಮಲ್ಲಿ ನಿಜವಾದ ತಿರುವು ಬಂದದ್ದು 2016ರಲ್ಲಿ. ಆ ವರ್ಷ ಯುಪಿಐ ಬಂತು. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಬೆಲೆ ನೆಲಕ್ಕಿಳಿಯಿತು. ನವೆಂಬರ್‌ನಲ್ಲಿ ನೋಟು ರದ್ದಾಯಿತು. ಮೂರೂ ಒಂದರ ಹಿಂದೆ ಒಂದು ಬಂದವು. ತರಕಾರಿ ಗಾಡಿಯವರಿಂದ ಹಿಡಿದು ಎಲ್ಲರ ಕೈಗೂ ಫೋನ್‌ನಲ್ಲೇ ವ್ಯವಹಾರ ಮಾಡುವ ಅಭ್ಯಾಸ ಬಂತು. ಯುಪಿಐನಲ್ಲಿ ಒಂದೇ ತಿಂಗಳಿಗೆ 1,000 ಕೋಟಿ ಪಾವತಿ ಆದದ್ದು 2023ರ ಆಗಸ್ಟ್‌ನಲ್ಲಿ. ಅದು 2,000 ಕೋಟಿ ದಾಟಲು ಎರಡೇ ವರ್ಷ ಸಾಕಾಯಿತು.

ಕಂಪನಿಯವರ ಮಾತಿನ ಹಿಂದೆ ಇರುವುದು ಇಂಥ ಏರುವ ಗೆರೆಯೇ ಇರಬೇಕು. ಆದರೆ ಆ ಗೆರೆಯ ಒಳಗೆ ಇನ್ನೊಂದು ಸಂಗತಿ ಇದೆ. ಜಗತ್ತಿನಲ್ಲಿ ವರ್ಷಕ್ಕೆ ಆಗುವ ಆ್ಯಪ್ ಡೌನ್‌ಲೋಡ್ 2023ರಲ್ಲಿ ಸುಮಾರು 25,700 ಕೋಟಿ ಮುಟ್ಟಿ, ಅಲ್ಲಿಂದ ಮುಂದೆ ಓಟ ನಿಲ್ಲಿಸಿದೆ. ಜನ ಫೋನ್‌ನಲ್ಲಿ ಕಳೆಯುವ ಹೊತ್ತು ಮಾತ್ರ ಜಾಸ್ತಿ ಆಗುತ್ತಲೇ ಇದೆ. ಅಂದರೆ ಜನ ಹೊಸ ಹೊಸ ಆ್ಯಪ್ ಹಾಕಿಕೊಳ್ಳುತ್ತಾ ಹೋಗುತ್ತಿಲ್ಲ. ಹಾಕಿಕೊಂಡಿರುವ ಕೆಲವನ್ನೇ ದಿನವಿಡೀ ತೆರೆಯುತ್ತಿದ್ದಾರೆ. ನಿಮ್ಮ ಫೋನನ್ನೇ ನೋಡಿಕೊಳ್ಳಿ. ವಾಟ್ಸ್‌ಆ್ಯಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೋನ್‌ಪೇ ಅಥವಾ ಗೂಗಲ್ ಪೇ. ಇವನ್ನು ಬಿಟ್ಟು ನಿನ್ನೆ ಎಷ್ಟು ತೆರೆದಿರಿ?

ಇನ್ನೊಂದು ಲೆಕ್ಕ ಇನ್ನೂ ಮುಖ್ಯ. 2024ರ ಆರಂಭದಲ್ಲಿ ಪ್ಲೇ ಸ್ಟೋರ್‌ನಲ್ಲಿ ಸುಮಾರು 34 ಲಕ್ಷ ಆ್ಯಪ್ ಇದ್ದವು. 2025ರ ಏಪ್ರಿಲ್ ಹೊತ್ತಿಗೆ ಅದು 18 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹತ್ತಿರ ಹತ್ತಿರ ಅರ್ಧ! ಗೂಗಲ್ ನಿಯಮ ಬಿಗಿ ಮಾಡಿದ್ದು ಇದಕ್ಕೆ ಒಂದು ದೊಡ್ಡ ಕಾರಣ. ತೆರೆದರೆ ಏನೂ ಮಾಡದ, ಒಂದೆರಡು ಪುಟ ತೋರಿಸಿ ಸುಮ್ಮನಾಗುವ ಆ್ಯಪ್‌ಗಳಿಗೆ ಈಗ ಅಲ್ಲಿ ಜಾಗ ಇಲ್ಲ. ಆ್ಯಪಲ್‌ನವರ ನಿಯಮವೂ ಹೀಗೇ. ಒಂದೇ ಅಚ್ಚಿನ ಆ್ಯಪ್‌ಗೆ ಹೆಸರು, ಬಣ್ಣ ಬದಲಿಸಿ ಹತ್ತಾರು ಅಂಗಡಿಗಳಿಗೆ ಮಾರುವುದನ್ನು ಅವರು ಒಪ್ಪುವುದಿಲ್ಲ. ಆದರೆ ಸಣ್ಣ ವ್ಯಾಪಾರಸ್ಥರಿಗೆ ಕಡಿಮೆ ದುಡ್ಡಿಗೆ ಸಿಗುವುದು ಹೆಚ್ಚಾಗಿ ಇಂಥ ಅಚ್ಚಿನ ಆ್ಯಪ್‌ಗಳೇ. ನಿಮ್ಮ ಕೊಟೇಶನ್ ಕೊಟ್ಟವರನ್ನು ಒಂದು ಮಾತು ಕೇಳಿ: ‘ಈಗಾಗಲೇ ನೀವು ಮಾಡಿಕೊಟ್ಟ ಮೂರು ಆ್ಯಪ್ ತೋರಿಸಿ’. ಅವನ್ನು ನಿಮ್ಮ ಫೋನ್‌ಗೆ ಹಾಕಿ ತೆರೆದು ನೋಡಿ. ಮೂರೂ ಅವಳಿಜವಳಿ ತರ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು.

ದೊಡ್ಡವರೂ ಈ ದಾರಿಯಲ್ಲಿ ಎಡವಿದ್ದಾರೆ. ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ, ಇನ್ನು ಮೇಲೆ ಆ್ಯಪ್ ಮಾತ್ರ ಎಂದಿತು. ಒಂದು ವರ್ಷ ಕಳೆದ ಸ್ವಲ್ಪ ದಿನಕ್ಕೇ, 2016ರ ಜೂನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಕೊಳ್ಳುವವರಿಗೆ ವೆಬ್‌ಸೈಟ್ ಮತ್ತೆ ತೆರೆಯಬೇಕಾಯಿತು. ಫ್ಲಿಪ್‌ಕಾರ್ಟ್ ಕೂಡ 2015ರಲ್ಲಿ ಮೊಬೈಲ್ ವೆಬ್‌ಸೈಟ್ ನಿಲ್ಲಿಸಿ, ಅದೇ ವರ್ಷ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹೊಸ ರೂಪದಲ್ಲಿ ವಾಪಸ್ ತಂದಿತು. ದುಡ್ಡಿಗೂ ಎಂಜಿನಿಯರ್‌ಗಳಿಗೂ ಕೊರತೆ ಇಲ್ಲದ ಕಂಪನಿಗಳು ಇವು. ಗಿರಾಕಿ ತನಗೆ ಅನುಕೂಲವಾದ ಬಾಗಿಲಿನಿಂದಲೇ ಒಳಗೆ ಬರುತ್ತಾನೆ. ನಾವು ತೋರಿಸಿದ ಬಾಗಿಲಿಗೆ ತಿರುಗುವುದಿಲ್ಲ.

ಈಚಿನ ಉದಾಹರಣೆ ಬೇಕಾದರೆ ನಮ್ಮ ಮೆಟ್ರೋ ಇದೆ. ಸ್ವಂತ ಆ್ಯಪ್ ಇದ್ದರೂ ಬಿಎಂಆರ್‌ಸಿಎಲ್‌ನವರು 2022ರ ನವೆಂಬರ್‌ನಿಂದ ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಕೊಡಲು ಶುರು ಮಾಡಿದರು. ದಿನಾ ಲಕ್ಷಗಟ್ಟಲೆ ಜನ ಓಡಾಡುವ ಸಂಸ್ಥೆಯೇ, ಜನರ ಫೋನ್‌ನಲ್ಲಿ ಮೊದಲೇ ಇರುವ ಜಾಗಕ್ಕೆ ತಾನಾಗಿ ಹೋಯಿತು.

ನಿಮ್ಮ ಗಿರಾಕಿಯ ಕೈಯಲ್ಲಿ ಏನಾಗುತ್ತದೆ

ಬೆಂಗಳೂರಿನ ರಾಜಾಜಿನಗರದಲ್ಲಿ ನಿಮ್ಮ ಒಬ್ಬ ಗಿರಾಕಿ ಇದ್ದಾರೆ ಅಂದುಕೊಳ್ಳೋಣ. ರೊಟ್ಟಿ ಡಬ್ಬಿ ಖಾಲಿಯಾಗಿದೆ. ಈಗ ಅವರು ವಾಟ್ಸ್‌ಆ್ಯಪ್ ತೆಗೆದು, ‘ಅಕ್ಕಾರ, 50 ರೊಟ್ಟಿ, ಅರ್ಧ ಕೆಜಿ ಶೇಂಗಾ ಹಿಂಡಿ ಕಳಸ್ರಿ’ ಎಂದು ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ. ನೀವು ಮೊತ್ತ ಹೇಳುತ್ತೀರಿ. ಅವರು ಯುಪಿಐನಲ್ಲಿ ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಮುಗೀತು. (ಒಂದು ಎಚ್ಚರಿಕೆ: ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಬಹಳ ಸುಲಭ. ದುಡ್ಡು ನಿಮ್ಮ ಖಾತೆಗೆ ಬಂದಿದೆಯಾ ನೋಡಿ, ಆಮೇಲೆ ಕಟ್ಟಿ.)

ಅದೇ ವ್ಯಕ್ತಿಗೆ, ‘ಇನ್ನು ಮೇಲೆ ನಮ್ಮ ಆ್ಯಪ್‌ನಲ್ಲಿ ಆರ್ಡರ್ ಮಾಡ್ರಿ’ ಅಂದಿರಿ. ಅವರು ಪ್ಲೇ ಸ್ಟೋರ್‌ಗೆ ಹೋಗಬೇಕು. ನಿಮ್ಮ ಹೆಸರನ್ನು ಇಂಗ್ಲಿಷ್‌ನಲ್ಲಿ ಸರಿಯಾದ ಕಾಗುಣಿತದಲ್ಲಿ ಹುಡುಕಬೇಕು. ಡೌನ್‌ಲೋಡ್ ಆಗುವವರೆಗೆ ಕಾಯಬೇಕು. ‘ಸ್ಟೋರೇಜ್ ತುಂಬಿದೆ’ ಅಂತ ಬಂದರೆ ಮೊಮ್ಮಗಳ ವಿಡಿಯೋ ಅಳಿಸಬೇಕೋ, ನಿಮ್ಮ ಆ್ಯಪ್ ಬಿಡಬೇಕೋ ಯೋಚಿಸಬೇಕು. ಆಮೇಲೆ ಫೋನ್ ನಂಬರ್, ಒಟಿಪಿ, ಹೆಸರು, ವಿಳಾಸ, ಪಿನ್‌ಕೋಡ್. ಇಷ್ಟೆಲ್ಲ ಆಗುವ ಹೊತ್ತಿಗೆ ಬಹಳ ಜನ ವಾಪಸ್ ವಾಟ್ಸ್‌ಆ್ಯಪ್‌ಗೇ ಬಂದು, ‘ಆ್ಯಪ್ ಬರವಲ್ದು, ನೀವೇ ಕಳಸ್ರಿ’ ಅನ್ನುತ್ತಾರೆ. ನೀವೂ ಇಲ್ಲ ಅನ್ನಲಾರಿರಿ. ಕೊನೆಗೆ ನಿಮಗೆ ಎರಡು ಕಡೆ ಆರ್ಡರ್ ನೋಡುವ ಕೆಲಸ ಬೀಳುತ್ತದೆ.

ಇಷ್ಟು ಕಷ್ಟಪಟ್ಟು ಹಾಕಿಕೊಂಡವರೂ ಅದನ್ನು ಎಷ್ಟು ಸಲ ತೆರೆಯುತ್ತಾರೆ? ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಹಿಂಡಿ ಇನ್ನೂ ಜಾಸ್ತಿ. ಒಂದು ಮನೆಯವರು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ತರಿಸಬಹುದು. ನಡುವಿನ ದಿನಗಳಲ್ಲಿ ಆ್ಯಪ್ ಸುಮ್ನೆ ಕೂತಿರುತ್ತದೆ. ಬಹಳ ದಿನ ತೆರೆಯದ ಆ್ಯಪ್‌ಗಳನ್ನು ತೆಗೆದುಹಾಕಿ ಎಂದು ಫೋನೇ ಸಲಹೆ ಕೊಡುತ್ತದೆ. ಜಾಗ ಬೇಕಾದಾಗ ಮೊದಲು ಹೋಗುವುದು ಅದೇ.

ಆ್ಯಪ್ ಗೆಲ್ಲುವುದು ಪದೇ ಪದೇ ಬಳಸುವ ಕಡೆ. ‘ನಮ್ಮ ಯಾತ್ರಿ’ ನೋಡಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಆಟೋ ಆ್ಯಪ್ ಅದು. ಪ್ರತಿ ಟ್ರಿಪ್‌ನಲ್ಲೂ ಪಾಲು ಹಿಡಿಯುವ ಬದಲು ಚಾಲಕರಿಂದ ದಿನಕ್ಕೆ 25 ರೂಪಾಯಿಯಂತೆ ಚಂದಾ ತೆಗೆದುಕೊಳ್ಳುವ ದಾರಿ ಹಿಡಿಯಿತು, ಜನರ ಫೋನ್‌ಗಳಲ್ಲಿ ಜಾಗ ಮಾಡಿಕೊಂಡಿತು. ಆಟೋ ಬೇಕಾಗುವುದು ವಾರಕ್ಕೆ ನಾಲ್ಕಾರು ಸಲ. ಅದಕ್ಕೆ ಆ್ಯಪ್ ಬೇಕೇ ಬೇಕು. ನಿಮ್ಮ ಮನೆಗಿರಾಕಿಗಳಿಗೆ ಆ ತುರ್ತು ಇಲ್ಲ, ಅಲ್ವಾ?

ಕೊಟೇಶನ್ ಲೆಕ್ಕ

ಈಗ ನಿಮ್ಮದೇ ಅಂಕಿ ಹಿಡಿದು ಕೂಡೋಣ. ಮೊದಲಿಗೆ 3.5 ಲಕ್ಷ, ಎರಡನೇ ಮತ್ತು ಮೂರನೇ ವರ್ಷ 60,000ದಂತೆ 1.2 ಲಕ್ಷ. ಮೂರು ವರ್ಷಕ್ಕೆ 4.7 ಲಕ್ಷ. ಆರ್ಡರ್‌ಗೆ 120 ರೂಪಾಯಿ ಉಳಿಯುವುದಾದರೆ ಇದನ್ನು ತೀರಿಸಲು 3,900ಕ್ಕೂ ಜಾಸ್ತಿ ಆರ್ಡರ್ ಬೇಕು. ತಿಂಗಳಿಗೆ ಸುಮಾರು 110. ಇವು ಹೊಸ ಆರ್ಡರ್ ಆಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದವರೇ ಆ್ಯಪ್‌ಗೆ ಬಂದರೆ ನಿಮಗೆ ಒಂದು ರೂಪಾಯಿಯೂ ಜಾಸ್ತಿ ಹುಟ್ಟುವುದಿಲ್ಲ. ಸಾಲದ ಬಡ್ಡಿ ನಾನಿನ್ನೂ ಸೇರಿಸಿಲ್ಲ. ಕೊಟೇಶನ್‌ನಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ನೋಡಿ. ಇದ್ದರೆ ನೂರಕ್ಕೆ 18ರಂತೆ ಮೊದಲ 3.5 ಲಕ್ಷದ ಮೇಲೇ 63,000 ಏರುತ್ತದೆ.

ಕೊಟೇಶನ್‌ನಲ್ಲಿ ಬರೆಯದೆ ಆಮೇಲೆ ಬರುವ ಖರ್ಚುಗಳೂ ಇವೆ. ಗೂಗಲ್‌ಗೆ ಒಮ್ಮೆ ಕಟ್ಟುವ 25 ಡಾಲರ್ ದೊಡ್ಡದೇನಲ್ಲ. ಆ್ಯಪಲ್‌ಗೆ ಮಾತ್ರ ಪ್ರತಿ ವರ್ಷ 99 ಡಾಲರ್. ಒಟಿಪಿ ಎಸ್‌ಎಂಎಸ್‌ಗೆ ದುಡ್ಡು, ಅದಕ್ಕೂ ಮೊದಲು ಡಿಎಲ್‌ಟಿ ನೋಂದಣಿ (ವ್ಯಾಪಾರದ ಎಸ್‌ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸಬೇಕಾದದ್ದು). ಸರ್ವರ್ ಬಾಡಿಗೆ. ಪೇಮೆಂಟ್ ಗೇಟ್‌ವೇ, ಅಂದರೆ ಆ್ಯಪ್‌ನಲ್ಲಿ ಕಟ್ಟಿದ ದುಡ್ಡನ್ನು ನಿಮ್ಮ ಖಾತೆಗೆ ದಾಟಿಸುವ ಸೇವೆಯ ಶುಲ್ಕ. ನಿಮ್ಮ ಕ್ಯೂಆರ್‌ಗೆ ನೇರವಾಗಿ ಯುಪಿಐ ಮಾಡಿದರೆ ಈಗ ಏನೂ ಕಳೆಯುವುದಿಲ್ಲ. ಗೇಟ್‌ವೇ ಮೂಲಕ ಕಾರ್ಡ್‌ನಲ್ಲಿ ಬಂದರೆ ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು ಹೋಗುತ್ತದೆ. 120 ಉಳಿಯುವ ಕಡೆ ಇದೂ ಲೆಕ್ಕಕ್ಕೆ ಬರುವ ಮೊತ್ತವೇ.

ಐಫೋನ್ ಬಗ್ಗೆಯೂ ಒಂದು ಮಾತು. ನಮ್ಮ ದೇಶದಲ್ಲಿ ನೂರು ಫೋನ್‌ಗಳಲ್ಲಿ 95ರ ಹತ್ತಿರ ಆಂಡ್ರಾಯ್ಡ್. ಇವತ್ತು ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಎಂಬ ಆ್ಯಪ್ ಕಟ್ಟುವ ಉಪಕರಣಗಳಲ್ಲಿ ಬರೆದರೆ ಹೆಚ್ಚುಕಡಿಮೆ ಒಂದೇ ಕೋಡ್‌ನಲ್ಲಿ ಎರಡೂ ಆಗುತ್ತದೆ. ‘ಎರಡು ಆ್ಯಪ್, ಹಾಗಾಗಿ ಎರಡು ಪಟ್ಟು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮಗನ ಮಾತು, ತಮ್ಮನ ಮಗನ ಮಾತು

ಪ್ಲೇ ಸ್ಟೋರ್ ನೂರಕ್ಕೆ 30 ಕಿತ್ತುಕೊಳ್ಳುತ್ತದೆ ಅನ್ನುವುದು ನಿಮ್ಮ ವಿಷಯದಲ್ಲಿ ನಿಜವಲ್ಲ. ಆ ಪಾಲು ಇರುವುದು ಗೇಮ್‌ನ ಒಳಗಿನ ನಾಣ್ಯ, ವಿಡಿಯೋ ಚಂದಾ, ಆನ್‌ಲೈನ್ ಕೋರ್ಸ್‌ನಂಥ ಡಿಜಿಟಲ್ ಸರಕಿಗೆ. ಅಲ್ಲಿಯೂ ಸಣ್ಣ ಆದಾಯದವರಿಗೆ 2021ರಿಂದ ಅದು 15ಕ್ಕೆ ಇಳಿದಿದೆ. ಕೈಗೆ ಸಿಗುವ ಸರಕು ಕಳಿಸುವವರು, ಅಂದರೆ ರೊಟ್ಟಿ, ಸೀರೆ, ಮಸಾಲೆ ಮಾರುವವರು, ಗೂಗಲ್‌ಗೂ ಆ್ಯಪಲ್‌ಗೂ ಮಾರಾಟದ ಮೇಲೆ ಪಾಲು ಕೊಡಬೇಕಿಲ್ಲ. ಮಗ ಬೇಡ ಅಂದದ್ದು ಸರಿ, ಕೊಟ್ಟ ಕಾರಣ ಮಾತ್ರ ತಪ್ಪು.

ತಮ್ಮನ ಮಗನ ಉತ್ಸಾಹ ನನಗೆ ಖುಷಿ ಕೊಟ್ಟಿತು. ಎಐ ಉಪಕರಣಗಳು ಈಗ ನಿಜವಾಗಿಯೂ ಜೋರಾಗಿವೆ. ಚೆಂದದ ಮೊದಲ ಪುಟ, ಪದಾರ್ಥಗಳ ಪಟ್ಟಿ, ಬುಟ್ಟಿಗೆ ಹಾಕುವ ಗುಂಡಿ ಎಲ್ಲ ಎರಡು ದಿನದಲ್ಲಿ ಮಾಡಬಹುದು. ಆದರೆ ಆ್ಯಪ್‌ನ ಕಷ್ಟ ಶುರುವಾಗುವುದೇ ಅಲ್ಲಿಂದ ಮುಂದೆ. ದುಡ್ಡು ಕಡಿತವಾಗಿ ಆರ್ಡರ್ ದಾಖಲಾಗದಿದ್ದರೆ ಏನು ಮಾಡುವುದು? ಇಬ್ಬರು ಒಟ್ಟಿಗೆ ಕೊನೆಯ ಪ್ಯಾಕೆಟ್ ಕೊಂಡರೆ? ಒಬ್ಬ ಗಿರಾಕಿಯ ವಿಳಾಸ ಇನ್ನೊಬ್ಬರಿಗೆ ಕಾಣಿಸಿದರೆ? ಎಐ ಬರೆದ ಕೋಡ್‌ನಲ್ಲಿ ಇಂಥ ತೂತುಗಳನ್ನು ನಾನು ನೋಡುತ್ತಲೇ ಇರುತ್ತೇನೆ. ಹೊರಗಿಂದ ಎಲ್ಲ ಸರಿ ಇರುತ್ತದೆ. ಒಳಗೆ ಗಿರಾಕಿಗಳ ಮಾಹಿತಿ ಇಡುವ ಡೇಟಾಬೇಸ್‌ಗೆ ಬೀಗವೇ ಇರುವುದಿಲ್ಲ. ಜೊತೆಗೆ, 2023ರ ನವೆಂಬರ್ ಮಧ್ಯದ ನಂತರ ವೈಯಕ್ತಿಕ ಹೆಸರಿನಲ್ಲಿ ತೆರೆದ ಪ್ಲೇ ಸ್ಟೋರ್ ಖಾತೆಗಳಿಗೆ ಇನ್ನೊಂದು ಕಟ್ಟಲೆ ಇದೆ. ಆ್ಯಪ್ ಎಲ್ಲರಿಗೂ ತೆರೆಯುವ ಮೊದಲು ಕನಿಷ್ಠ 12 ಜನ ಸತತ 14 ದಿನ ಅದರ ಪರೀಕ್ಷೆಯಲ್ಲಿ ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಹಾಗಾಗಿ ಎರಡು ದಿನದ ಮಾತು ಅಲ್ಲಿಗೇ ಬಿತ್ತು. ಆ ಹುಡುಗನಿಗೆ ಬೇರೆ ಕೆಲಸ ಇದೆ, ಮುಂದೆ ಹೇಳುತ್ತೇನೆ.

ಇನ್ನು ಕಂಪನಿಯವರ ಮಾತು. ಆ್ಯಪ್ ಇಲ್ಲದ ವ್ಯಾಪಾರ ಉಳಿಯಲ್ಲ ಅಂದರಲ್ಲ, ಅದರ ಹಿಂದೆ ಒಂದು ತಪ್ಪು ನಂಬಿಕೆ ಇದೆ. ಆ್ಯಪ್ ಹಾಕಿದರೆ ಗಿರಾಕಿ ತಾನಾಗಿ ಬರುತ್ತಾರೆ ಅನ್ನೋದು. ಪ್ಲೇ ಸ್ಟೋರ್‌ಗೆ ಹೋಗಿ ‘ರೊಟ್ಟಿ’ ಎಂದು ಹುಡುಕುವವರು ಯಾರಿದ್ದಾರೆ? ಹೊಸಬರು ನಿಮ್ಮನ್ನು ಹುಡುಕುವುದು ಗೂಗಲ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ, ಇಲ್ಲವೇ ಪಕ್ಕದ ಮನೆಯವರ ಊಟದ ತಟ್ಟೆಯಲ್ಲಿ. ಈಗಾಗಲೇ ಇರುವ ಗಿರಾಕಿಯನ್ನು ಆ್ಯಪ್ ಹಿಡಿದಿಟ್ಟುಕೊಳ್ಳಬಲ್ಲದು. ಹೊಸಬರನ್ನು ಕರೆತರಲಾರದು. ಕರೆತರಬೇಕೆಂದರೆ ಜಾಹೀರಾತಿಗೆ ಬೇರೆ ದುಡ್ಡು ಹಾಕಬೇಕು, ಅದೂ ಕೊಟೇಶನ್‌ನಲ್ಲಿ ಇರುವುದಿಲ್ಲ.

ಆ್ಯಪ್ ಬೇಕಿರುವ ಜಾಗ: ಆ 35 ಅಂಗಡಿ

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಈ ಸಾಲಿನ ಮೇಲೆ. ನೀವು ಅದನ್ನು ‘ಇದಲ್ಲದೆ’ ಎಂದು ಪಕ್ಕಕ್ಕೆ ಬರೆದಿದ್ದೀರಿ. 35 ಅಂಗಡಿ, ವಾರಕ್ಕೊಮ್ಮೆ. ಅಂದರೆ ತಿಂಗಳಿಗೆ 140ರಷ್ಟು ಆರ್ಡರ್, ಪ್ರತಿಯೊಂದೂ ಮನೆ ಆರ್ಡರ್‌ಗಿಂತ ಎಷ್ಟೋ ದೊಡ್ಡದು. ಇವರು ನಿಮ್ಮಿಂದ ಪದೇ ಪದೇ ಕೊಳ್ಳುವವರು. ತೊಂದರೆ ಇರುವುದೂ ಇಲ್ಲಿಯೇ ಅಂತ ನನ್ನ ಊಹೆ.

ಇಂಥ ವ್ಯಾಪಾರಗಳಲ್ಲಿ ನಾನು ಕಂಡದ್ದು ಹೀಗೆ. ಅಂಗಡಿಯವರು ಫೋನ್ ಮಾಡಿ, ‘ಹೋದ ವಾರದಷ್ಟ ಕಳಸ್ರಿ, ಅಗಸಿ ಒಂದೆರಡು ಜಾಸ್ತಿ ಹಾಕ್ರಿ’ ಅನ್ನುತ್ತಾರೆ. ಈ ಕಡೆ ಫೋನ್ ಎತ್ತಿದವರು ಕ್ಯಾಲೆಂಡರ್‌ನ ಹಿಂದೆ ಬರೆದುಕೊಳ್ಳುತ್ತಾರೆ. ಹೋದ ವಾರ ಎಷ್ಟು ಅನ್ನುವುದು ಇನ್ನೊಬ್ಬರಿಗೆ ಗೊತ್ತು, ಅವರು ಇವತ್ತು ರಜೆ. ‘ಒಂದೆರಡು’ ಅಂದರೆ ಪ್ಯಾಕೆಟ್ಟೋ ಡಜನ್ನೋ ಗೊತ್ತಿಲ್ಲ. ಮಾಲು ತಪ್ಪಿ ಹೋಗುತ್ತದೆ, ಬಸ್ ಪಾರ್ಸೆಲ್‌ನ ಬಾಡಿಗೆ ಎರಡು ಸಲ ಬೀಳುತ್ತದೆ. ಉದ್ರಿ ಎಷ್ಟು ಉಳಿದಿದೆ ಎಂಬುದರ ಮೇಲೆ ಪ್ರತಿ ಹಬ್ಬಕ್ಕೂ ಒಂದು ಜಗಳ. ಅಂಗಡಿಯಲ್ಲಿ ವಾಯಿದೆ ಮುಗಿದ ಹಿಂಡಿ ವಾಪಸ್ ಬಂದರೆ ಅದು ಯಾವ ದಿನದ ಮಾಲು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಇಲ್ಲಿ ನಿಮಗೆ ಬೇಕಾದದ್ದು ಬಹಳ ಸಣ್ಣದು. ಅಂಗಡಿಯವರ ಫೋನ್‌ನಲ್ಲಿ ತೆರೆಯುವ ಒಂದು ಪುಟ. ಅದರಲ್ಲಿ ‘ಹೋದ ವಾರದ್ದೇ ಕಳಿಸಿ’ ಎಂಬ ಒಂದು ಗುಂಡಿ, ಪಕ್ಕದಲ್ಲಿ ಅಂಕಿ ಏರಿಸಿ ಇಳಿಸುವ ಜಾಗ, ಕೆಳಗೆ ಬಾಕಿ ಎಷ್ಟು ಅನ್ನುವ ಸಾಲು. ನಿಮ್ಮ ಕಡೆ ಎಲ್ಲ ಅಂಗಡಿಗಳ ಆರ್ಡರ್ ಕೂಡಿಸಿ, ನಾಳೆ ಎಷ್ಟು ರೊಟ್ಟಿ ತಟ್ಟಬೇಕು, ಎಷ್ಟು ಶೇಂಗಾ ಹುರಿಯಬೇಕು ಎಂದು ತೋರಿಸುವ ಒಂದು ಪಟ್ಟಿ. ಪ್ರತಿ ಪಾರ್ಸೆಲ್‌ಗೆ ತಯಾರಾದ ದಿನಾಂಕ. ಅಷ್ಟೇ.

ಇದನ್ನು ಪ್ಲೇ ಸ್ಟೋರ್‌ಗೆ ಹಾಕಬೇಕಾಗಿಯೂ ಇಲ್ಲ. ಫ್ಲಿಪ್‌ಕಾರ್ಟ್ ಲೈಟ್ ಇದ್ದಂಥ ವೆಬ್ ಆ್ಯಪ್ ಸಾಕು. ಲಿಂಕ್ ಒತ್ತಿದರೆ ತೆರೆಯುತ್ತದೆ. ಬೇಕಿದ್ದರೆ ಫೋನ್‌ನ ಮೊದಲ ಪರದೆಗೆ ಐಕಾನ್ ಹಾಕಿಕೊಳ್ಳಬಹುದು. ಬದಲಾವಣೆ ಮಾಡಿದರೆ ಎಲ್ಲರಿಗೂ ತಕ್ಷಣ ಹೊಸದೇ ಕಾಣಿಸುತ್ತದೆ. ಬಳಸುವವರು 35 ಜನ, ನಿಮಗೆ ಎಲ್ಲರ ಮುಖಪರಿಚಯ ಇದೆ. ಏನಾದರೂ ಕೆಟ್ಟರೆ ಫೋನ್ ಮಾಡಿ ಸರಿ ಮಾಡಿಕೊಳ್ಳಬಹುದು. ತಮ್ಮನ ಮಗನಿಗೆ ಕೊಡಬೇಕಾದ ಕೆಲಸ ಇದೇ. ಮೊದಲು ಗೂಗಲ್ ಶೀಟ್ ಮತ್ತು ಗೂಗಲ್ ಫಾರ್ಮ್‌ನಲ್ಲೇ ಮಾಡಲಿ, ಅದಕ್ಕೆ ದುಡ್ಡು ಬೇಕಿಲ್ಲ. ಐದು ಅಂಗಡಿಯವರ ಹತ್ತಿರ ಎರಡು ತಿಂಗಳು ನಡೆಸಿ ನೋಡಿ. ಅವರು ಒಪ್ಪಿದರೆ, ಆಮೇಲೆ ಅನುಭವ ಇರುವ ಒಬ್ಬ ಡೆವಲಪರ್‌ನಿಂದ ಸರಿಯಾಗಿ ಕಟ್ಟಿಸಿ. ಒಂದು ಅಪಾಯ ಇದೆ: ಕೆಲವು ಹಳೆಯ ಅಂಗಡಿಯವರು ಫೋನ್ ಕರೆ ಬಿಡಲಾರರು. ಬಿಡಿಸಬೇಡಿ. ಅವರ ಆರ್ಡರನ್ನು ನಿಮ್ಮಲ್ಲಿ ದುಡಿಯುವ ಒಬ್ಬರು ಅದೇ ಪುಟದಲ್ಲಿ ತುಂಬಲಿ. ಲೆಕ್ಕ ಒಂದೇ ಕಡೆ ಸೇರಿದರೆ ಸಾಕು.

ಮನೆಗಿರಾಕಿಗಳಿಗೆ ಏನು ಮಾಡುವುದು

ಈಗಿರುವ ವಾಟ್ಸ್‌ಆ್ಯಪ್ ದಾರಿಯನ್ನೇ ಗಟ್ಟಿ ಮಾಡಿ. ಮಾಮೂಲಿ ವಾಟ್ಸ್‌ಆ್ಯಪ್ ಬಳಸುತ್ತಿದ್ದರೆ ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಬದಲಾಯಿಸಿ, ಅದು ಪುಕ್ಕಟೆ. ಕ್ಯಾಟಲಾಗ್‌ನಲ್ಲಿ ಫೋಟೊ, ತೂಕ, ಬೆಲೆ ಹಾಕಿ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಇಟ್ಟುಕೊಳ್ಳಿ. ‘ದುಡ್ಡು ಬಂತು’, ‘ಪಾರ್ಸೆಲ್ ಹೋಯಿತು’ ಎಂದು ಲೇಬಲ್ ಹಚ್ಚಿ. ಒಂದೇ ನಂಬರನ್ನು ಇನ್ನೂ ನಾಲ್ಕು ಸಾಧನಗಳಲ್ಲಿ ತೆರೆಯಬಹುದು. ಹಾಗಾಗಿ ಎಲ್ಲ ಭಾರ ನಿಮ್ಮೊಬ್ಬರ ಫೋನ್ ಮೇಲೆ ಬೀಳಬೇಕಿಲ್ಲ.

ಇದರ ಅಪಾಯವನ್ನೂ ಹೇಳಬೇಕು. ಈ ಬಾಗಿಲು ನಿಮ್ಮದಲ್ಲ. ಗೊತ್ತಿಲ್ಲದವರಿಗೆಲ್ಲ ಒಟ್ಟಿಗೆ ಜಾಹೀರಾತು ಕಳಿಸಿ, ಅವರು ದೂರು ಕೊಟ್ಟರೆ ನಂಬರೇ ಬ್ಲಾಕ್ ಆಗಬಹುದು. ಅದರಿಂದ ತಿಂಗಳಿಗೊಮ್ಮೆ ಗಿರಾಕಿಗಳ ಹೆಸರು, ನಂಬರ್, ವಿಳಾಸವನ್ನು ಬೇರೆ ಕಡೆ ತೆಗೆದಿಡಿ. ವ್ಯಾಪಾರ ಇನ್ನೂ ದೊಡ್ಡದಾಗಿ ವಾಟ್ಸ್‌ಆ್ಯಪ್‌ನ ಎಪಿಐ ಸೇವೆಗೆ (ಸಂದೇಶಗಳನ್ನು ಸಾಫ್ಟ್‌ವೇರ್‌ನಿಂದಲೇ ಕಳಿಸುವ ವ್ಯವಸ್ಥೆ) ಹೋದರೆ ಪ್ರಚಾರದ ಸಂದೇಶಗಳಿಗೆ ಒಂದೊಂದಕ್ಕೂ ದುಡ್ಡು ಬೀಳುತ್ತದೆ, ಅದೂ ನೆನಪಿರಲಿ.

ಇದರ ಜೊತೆಗೆ ನಿಮ್ಮದೇ ಹೆಸರಿನ ಒಂದು ಸಣ್ಣ ವೆಬ್‌ಸೈಟ್ ಮಾಡಿಸಿ, ಕನ್ನಡ, ಇಂಗ್ಲಿಷ್, ಪುಣೆಯವರಿಗಾಗಿ ಮರಾಠಿಯಲ್ಲಿ. ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗುವುದು ಅದೇ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಕಡೆ ಒಂದೆರಡು ಪದಾರ್ಥ ಇಟ್ಟು ನೋಡಬಹುದು. ಹಿಂಡಿ ಇಡಿ, ರೊಟ್ಟಿ ಬೇಡ. ದಾರಿಯಲ್ಲಿ ಮುರಿದ ರೊಟ್ಟಿ ವಾಪಸ್ ಬಂದರೆ ನಷ್ಟ ನಿಮ್ಮದೇ. ಅವರ ಕಮಿಷನ್, ಸಾಗಣೆ ಕಳೆದರೆ ನಿಮ್ಮ 120 ಬಹಳ ಸೊರಗುತ್ತದೆ. ಅದನ್ನು ಹೊಸ ಗಿರಾಕಿಗಳಿಗೆ ಪರಿಚಯ ಆಗುವ ಖರ್ಚು ಅಂದುಕೊಳ್ಳಿ, ಲಾಭದ ದಾರಿ ಅಂದುಕೊಳ್ಳಬೇಡಿ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಜೊತೆ ಸೇರಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಮಾಡಿದೆ. ಅದನ್ನು ಹೇಗೆ ಪ್ಯಾಕ್ ಮಾಡುತ್ತಾರೆ, ಹೇಗೆ ಮಾರುತ್ತಾರೆ ಎಂದು ಒಮ್ಮೆ ನೋಡಿ ಬನ್ನಿ.

ನೀವು ಕೇಳದಿದ್ದರೂ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬಹುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವುದು ರಾಜ್ಯದ ಒಳಗಿನ ಮಾತು. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯ ಆಗುವುದಿಲ್ಲ. ನೀವು ಪುಣೆಗೆ ಕಳಿಸುತ್ತಿದ್ದೀರಿ. ಆ್ಯಪ್ ಇರಲಿ ಬಿಡಲಿ, ಈ ವಾರವೇ ಒಬ್ಬ ತೆರಿಗೆ ಸಲಹೆಗಾರರನ್ನು ಕಾಣಿ.

ಮುಂದೆ ಯಾವತ್ತಾದರೂ ಮಾಡಿಸುವುದಾದರೆ

ಮನೆಗಿರಾಕಿಗಳಲ್ಲಿ ಕೆಲವು ನೂರು ಜನ ತಿಂಗಳಿಗೆ ಎರಡು ಮೂರು ಸಲ ತರಿಸುವ ಹಾಗಾದರೆ, ಅಥವಾ ನೀವು ತಿಂಗಳ ಚಂದಾ ತರದ ವ್ಯವಸ್ಥೆ ಮಾಡಿ ಅದು ಹಿಡಿದರೆ, ಆಗ ಆ್ಯಪ್‌ಗೆ ಅರ್ಥ ಬರುತ್ತದೆ. ಆ ದಿನಕ್ಕೆ ಈ ಮಾತುಗಳನ್ನು ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಖಾತೆ ಯಾರ ಹೆಸರಿನಲ್ಲಿ ಅನ್ನೋದು. ಗೂಗಲ್ ಮತ್ತು ಆ್ಯಪಲ್‌ನ ಡೆವಲಪರ್ ಖಾತೆ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ತೆರೆಯಬೇಕು. ಕಂಪನಿಯವರಿಗೆ ಒಳಗೆ ಬಂದು ಕೆಲಸ ಮಾಡುವ ಅನುಮತಿ ಮಾತ್ರ ಕೊಡಿ. ಬಹಳ ಕಡೆ, ‘ಅದೆಲ್ಲ ತಲೆನೋವು, ನಮ್ಮ ಖಾತೆಯಲ್ಲೇ ಹಾಕ್ತೀವಿ’ ಅನ್ನುತ್ತಾರೆ. ಸಹಾಯದ ಮಾತು ಅನ್ನಿಸುತ್ತದೆ. ಆದರೆ ಮುಂದೊಂದು ದಿನ ಮನಸ್ತಾಪ ಬಂದರೆ ಆ್ಯಪ್ ಅವರ ಬಳಿ ಉಳಿಯುತ್ತದೆ. ಅವರು ಬಿಟ್ಟುಕೊಡದಿದ್ದರೆ ನೀವು ಹೊಸ ಆ್ಯಪ್ ಮಾಡಿಸಿ, ಪ್ರತಿ ಗಿರಾಕಿಗೂ ಮತ್ತೆ ಡೌನ್‌ಲೋಡ್ ಮಾಡಿ ಎಂದು ಬೇಡಿಕೊಳ್ಳಬೇಕು. ರೇಟಿಂಗ್, ವಿಮರ್ಶೆ ಎಲ್ಲ ಸೊನ್ನೆಯಿಂದ. ವ್ಯಾಪಾರಸ್ಥರು ನನ್ನ ಬಳಿ ಕಣ್ಣೀರು ಹಾಕಿಕೊಂಡು ಬರುವುದು ಹೆಚ್ಚಾಗಿ ಈ ಕಾರಣಕ್ಕೇ. ಡೊಮೈನ್ ಹೆಸರು (ವೆಬ್‌ಸೈಟ್‌ನ ವಿಳಾಸ), ಸರ್ವರ್ ಖಾತೆ, ಪೇಮೆಂಟ್ ಗೇಟ್‌ವೇ ಖಾತೆ, ಎಸ್‌ಎಂಎಸ್ ನೋಂದಣಿ ಕೂಡ ನಿಮ್ಮ ಹೆಸರಿನಲ್ಲೇ ಇರಲಿ. ಸೋರ್ಸ್ ಕೋಡ್, ಅಂದರೆ ಆ್ಯಪ್‌ನ ಮೂಲ ಬರಹ, ಪ್ರತಿ ಕಂತಿಗೂ ನಿಮ್ಮ ಕೈ ಸೇರಬೇಕು, ಕೊನೆಯಲ್ಲಿ ಅಲ್ಲ.

ದುಡ್ಡು ಕಂತಿನಲ್ಲಿ ಕೊಡಿ. ಅದೂ ‘60 ಭಾಗ ಕೆಲಸ ಆಯಿತು’ ಎಂಬ ಮಾತಿಗಲ್ಲ, ನಿಮ್ಮ ಫೋನ್‌ನಲ್ಲಿ ಓಡುವುದನ್ನು ನೋಡಿದ ಮೇಲೆ. ಕೊನೆಯ ಕಂತು, ನಿಮ್ಮ ಆ್ಯಪ್ ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುವಂತಾಗಿ ಒಂದು ತಿಂಗಳು ನಡೆದ ನಂತರ.

ನಿರ್ವಹಣೆ ಅಂದರೆ ಏನು ಎಂದು ಒಂದೊಂದಾಗಿ ಬರೆಸಿ. ಗೂಗಲ್ ಪ್ರತಿ ವರ್ಷ ಆ್ಯಪ್‌ಗಳು ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಬದಲಾಗಬೇಕು ಎಂದು ಗಡುವು ಕೊಡುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್, ಹೊಸ ಅಪ್‌ಡೇಟ್ ಎಲ್ಲ ಆಂಡ್ರಾಯ್ಡ್ 15ಕ್ಕೆ ಹೊಂದಬೇಕು ಎಂದಿತ್ತು. ಈ ಕೆಲಸ 60,000ದಲ್ಲಿ ಸೇರಿದೆಯೋ ಇಲ್ಲವೋ? ಇಲ್ಲ ಅಂದರೆ ಬರೀ ಫೋನ್ ಎತ್ತುವುದಕ್ಕೆ ನೀವು ದುಡ್ಡು ಕೊಟ್ಟ ಹಾಗಾಯಿತು.

ಗಿರಾಕಿಗಳ ಮಾಹಿತಿಯ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಕಟ್ಟಲೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ. ಆರ್ಡರ್‌ಗೆ ಬೇಕಾದಷ್ಟೇ ಮಾಹಿತಿ ಕೇಳಿ. ಗಿರಾಕಿ ಅಳಿಸಿ ಅಂದರೆ ಅಳಿಸಲು ಆಗಬೇಕು. ರೊಟ್ಟಿ ಆ್ಯಪ್‌ಗೆ ಗಿರಾಕಿಯ ಕಾಂಟ್ಯಾಕ್ಟ್ ಪಟ್ಟಿ ಓದುವ ಅನುಮತಿ ಯಾಕೆ ಬೇಕು ಎಂದು ಕಟ್ಟುವವರನ್ನು ನೇರವಾಗಿ ಕೇಳಿ.

ಆ ಕಂಪನಿಯವರನ್ನು ಒರಟಾಗಿ ಕಳಿಸಬೇಕಿಲ್ಲ. ‘ಮೊದಲು ನಮ್ಮ 35 ಅಂಗಡಿಗಳಿಗೆ ವಾರದ ಆರ್ಡರ್ ತೆಗೆದುಕೊಳ್ಳುವ ವೆಬ್ ಆ್ಯಪ್ ಬೇಕು, ಖಾತೆಗಳೆಲ್ಲ ನಮ್ಮ ಹೆಸರಿನಲ್ಲಿ, ಎಷ್ಟಾಗುತ್ತೆ ಹೇಳಿ’ ಎಂದು ಬರೆದು ಕಳಿಸಿ. ಇದೇ ಮಾತನ್ನು ಇನ್ನಿಬ್ಬರು ಡೆವಲಪರ್‌ಗಳಿಗೂ ಕಳಿಸಿ. ಹುಬ್ಬಳ್ಳಿಯಲ್ಲೇ ಒಳ್ಳೆಯವರು ಸಿಗುತ್ತಾರೆ. ಮೂರೂ ಕೊಟೇಶನ್ ಬಂದು, ಐದು ಅಂಗಡಿಗಳ ಪ್ರಯೋಗವೂ ಮುಗಿಯುವವರೆಗೆ ಸಂಘದ ಸಾಲದ ಅರ್ಜಿ ಹಾಕಬೇಡಿ.